ಮಿಲ್ಲಿನಮ್ಮನ ಬಾತ್‌ರೂಮು

"ಬತ್ತೀನಿ ಅಂದ್ಮೇಲೆ ಬತ್ತೀರಾ, ಇಲ್ಲಾ ಬತ್ತೀನಿ ಅಂತ ಹೇಳೋದಷ್ಟೇನಾ?"

ಫೋನಿನಲ್ಲಿ ಆ ಯಜಮಾನರು ಕೇಳಿದ ಮೊದಲ ಮಾತೇ ಇದು. ಯಾರು, ಯಾವ ಊರು, ಏನು ಕೆಲಸ ಎನ್ನುವುದೆಲ್ಲ ಆಮೇಲೆ ಬಂತು. ನಾನು ಆಗ ಹಾಸನದ ಸಾಲಗಾಮೆ ರಸ್ತೆಯ ಒಂದು ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ವಾಲ್ವ್ ಕೂರಿಸುತ್ತಿದ್ದೆ. ಪ್ಲಂಬರುಗಳ ಮೇಲೆ ಜನಕ್ಕಿರುವ ಸಿಟ್ಟು ನನಗೆ ಹೊಸದಲ್ಲ. ನಾಳೆ ಅಂದವನು ವಾರ ಕಳೆದರೂ ಬರಲಿಲ್ಲ, ಬಂದವನು ಗೋಡೆ ಒಡೆದು ಹೋದವನು ತಿರುಗಿ ನೋಡಲಿಲ್ಲ ಎಂಬ ಕಥೆ ಎಲ್ಲ ಮನೆಯಲ್ಲೂ ಒಂದೊಂದು ಇರುತ್ತದೆ. ಆದರೆ ಇವರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು. ಮಾರನೆ ಬೆಳಿಗ್ಗೆಯೇ ಬರುತ್ತೇನೆಂದು ಒಪ್ಪಿಕೊಂಡೆ.

ಮನೆ ಹೊಳೆನರಸೀಪುರದ ಹಳೆಯ ಬೀದಿಯಲ್ಲಿತ್ತು. ಎಡಕ್ಕೂ ಬಲಕ್ಕೂ ಪಕ್ಕದವರ ಗೋಡೆಗೆ ಗೋಡೆ ಅಂಟಿಕೊಂಡ, ರೈಲು ಡಬ್ಬಿಯಂತೆ ಉದ್ದಕ್ಕೆ ಹೋಗುವ ಮನೆ. ಬೀದಿಗೆ ಮುಖ ಮಾಡಿ ಒಂದು ಕಡೆ ಎತ್ತರದ ಹೊಸ್ತಿಲಿನ ಬಾಗಿಲು, ಇನ್ನೊಂದು ಕಡೆ ಷಟರ್ ಎಳೆದ ರಾಗಿ ಮಿಲ್ಲು. ಮಿಲ್ಲಿನ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಒಂದು ಉಗ್ರಾಣ, ಆಮೇಲೆ ಹಿತ್ತಲು. ಹಿತ್ತಲಿನ ಕೊನೆಯಲ್ಲಿ ಕಕ್ಕಸು. ಅದಕ್ಕೆ ಹತ್ತಲು ಎತ್ತರೆತ್ತರದ ಕಲ್ಲಿನ ಮೆಟ್ಟಿಲುಗಳು.

"ಇಲ್ಲೇ ಬಿದ್ದಿದ್ದು," ಎಂದು ಯಜಮಾನರು ಕೆಳಗಿನ ಮೆಟ್ಟಿಲು ತೋರಿಸಿದರು. "ಮಳೆ ಬಂದು ಪಾಚಿ ಕಟ್ಟಿತ್ತು. ನಾನು ಒಳ್ಗೆ ಕಾಪಿ ಕುಡೀತಾ ಕೂತಿದ್ದೆ."

ಬಿದ್ದವರು ಅವರ ಹೆಂಡತಿ. ಮಿಲ್ಲು ನಡೆಸುತ್ತಿದ್ದವರು ಅವರೇ, ಬೀದಿಯವರಿಗೆಲ್ಲ ಮಿಲ್ಲಿನಮ್ಮ. ಸೊಂಟದ ಕೀಲಿನ ಮೂಳೆ ಮುರಿದು ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಕೀಲನ್ನೇ ಬದಲಾಯಿಸಿದ್ದರು. ನಡೆಯುತ್ತಾರೆ, ಮೊದಲಿನಂತೆ ಓಡಾಡುತ್ತಾರೆ, ಆದರೆ ಇನ್ನು ಕುಕ್ಕರುಗಾಲಿನಲ್ಲಿ ಕೂರುವ ಹಾಗಿಲ್ಲ, ಮನೆಯಲ್ಲಿ ಎತ್ತರದ ಕಮೋಡ್ ಇದ್ದರಷ್ಟೇ ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ. ಇಲ್ಲದಿದ್ದರೆ ಚನ್ನರಾಯಪಟ್ಟಣದಲ್ಲಿರುವ ಅವರ ತಂಗಿಯ ಮನೆಗೆ ಹೋಗಬೇಕು. ಅಲ್ಲಿ ಎಲ್ಲ ಅನುಕೂಲವೂ ಇತ್ತು.

"ಅಲ್ಲಿಗೋದ್ರೆ ಮೂರು ತಿಂಗ್ಳು ಬರಲ್ಲ ಅವ್ಳು," ಎಂದರು ಯಜಮಾನರು. "ಮಿಲ್ಲು ಮುಚ್ಚೋಯ್ತದೆ." ಮೆಟ್ಟಿಲಿನ ಪಾಚಿಯನ್ನು ಕಾಲಿನಿಂದ ಕೆರೆಯುತ್ತ, "ನಂಗೂ ಸರಿಯಾಗಲ್ಲ," ಎಂದು ಸೇರಿಸಿದರು.

ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ತುಂಬಿದ ಬಸ್ಸಿನಲ್ಲಿ ಒಬ್ಬರನ್ನೂ ಬಿಡದೆ ಟಿಕೇಟು ಕೇಳಿದವರ ಹಾಗೆಯೇ ನನ್ನನ್ನೂ ಕೇಳುತ್ತ ಹೋದರು. ನಡುಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಎದುರು ಕುರ್ಚಿ ಎಳೆದುಕೊಂಡರು.

"ಸಾಮಾನು ನೀವು ತತ್ತೀರೋ, ನಾನೇ ತಂದ್ಕೊಡ್ಬೇಕೋ?"

"ಪೈಪು, ಟ್ರ್ಯಾಪು, ಬೆಂಡು ಯಾವುದು ಅಂತ ನಾನು ಹೇಳ್ತೀನಿ. ಟೈಲ್ಸು ನೀವು ಆರಿಸಿ. ಜಾರೋ ಟೈಲ್ಸ್ ಮಾತ್ರ ಬೇಡ."

"ಒಡೆದಿದ್ದನ್ನ ಮುಚ್ಚೋರು ಯಾರು?"

"ಗಾರೆಯವನು ನನ್ನ ಜೊತೇಲೇ ಬರ್ತಾನೆ. ಅರಕಲಗೂಡಿನವನು. ನಾನು ಒಡೆದಿದ್ದನ್ನ ಅವನು ಮುಚ್ಚದೆ ಹೋಗಲ್ಲ."

"ಮಣ್ಣು, ಇಟ್ಟಿಗೆ ಚೂರು ಎಲ್ಲಾ?"

"ನಾವೇ ಸಾಗಿಸ್ತೀವಿ."

"ಆರು ತಿಂಗ್ಳಿಗೆ ಸೋರುದ್ರೆ ಯಾರನ್ನ ಕೇಳ್ಬೇಕು?"

"ನನ್ನನ್ನೇ."

"ಅವಾಗ ಫೋನ್ ಎತ್ತುತೀರಾ?"

ನಗು ಬಂತು. ಎತ್ತುತ್ತೇನೆ ಎಂದೆ. ಅವರು ನಗಲಿಲ್ಲ. ಕೊನೆಯ ಪ್ರಶ್ನೆ ಕೇಳುವ ಮುಂಚೆ ಲೋಟ ಕೆಳಗಿಟ್ಟರು. "ನಡುವೆ ಬ್ಯಾರೆ ಕೆಲ್ಸ ಬಂತು ಅಂತ ಅರ್ಧಕ್ಕೆ ಬುಟ್ಟು ಓಗ್ತೀರಾ?"

ನಮ್ಮ ಕಸುಬಿನವರು ಒಂದೇ ಸಲಕ್ಕೆ ಮೂರು ನಾಲ್ಕು ಕಡೆ ಕೆಲಸ ಹಿಡಿದಿರುತ್ತೇವೆ. ಒಂದು ಕಡೆ ಸಿಮೆಂಟು ಒಣಗುವಾಗ ಇನ್ನೊಂದು ಕಡೆ ಪೈಪು ಕೂಡಿಸುತ್ತಿರುತ್ತೇವೆ. ಹಾಗೆ ಮಾಡದೆ ಬದುಕು ನಡೆಯುವುದಿಲ್ಲ. ಆದರೂ ಹಿತ್ತಲಿನ ಆ ಪಾಚಿ ಕಟ್ಟಿದ ಮೆಟ್ಟಿಲು ಕಣ್ಣ ಮುಂದೆಯೇ ಇತ್ತು. "ಅಮ್ಮ ಮನೆಗೆ ಬರೋವರೆಗೂ ಬೇರೆ ಕಡೆ ಹೋಗಲ್ಲ ಯಜಮಾನ್ರೇ," ಎಂದೆ.

ಈ ಮುಂಚೆ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಎಂದೂ ಕೇಳಿದ್ದರು. ಅರಕಲಗೂಡಿನಲ್ಲಿ ಒಬ್ಬ ಅಜ್ಜಿಗಾಗಿ ಇಂಥದೇ ಬಾತ್‌ರೂಮು ಮಾಡಿಕೊಟ್ಟಿದ್ದೆ. ಆ ಮನೆಯವರ ನಂಬರು ಕೊಟ್ಟಿದ್ದೆ. ಫೋನ್ ಮಾಡಿ ವಿಚಾರಿಸುತ್ತಾರೆ ಅಂದುಕೊಂಡರೆ, ಅದೇ ಮಧ್ಯಾಹ್ನ ತಮ್ಮ ಬಸ್ ಪಾಸು ಹಿಡಿದು ಅರಕಲಗೂಡಿಗೇ ಹೋಗಿ ಬಂದಿದ್ದರು.

"ನೋಡ್ಕಂಡ್ ಬಂದೆ ಕಣಪ್ಪ," ಎಂದು ಸಂಜೆ ಫೋನ್ ಮಾಡಿದರು. "ನಲ್ಲಿ ಒಂದೂ ತೊಟ್ಟಿಕ್ತಿಲ್ಲ. ನೀರು ನಿಲ್ತಿಲ್ಲ. ಆ ಅಜ್ಜಿ ಒಂದೇ ಒಂದು ದೂರು ಹೇಳುದ್ರು. ಕನ್ನಡಿ ಎತ್ರಕ್ಕೆ ಹಾಕ್ಬುಟ್ಟಿದೀರಂತೆ, ಬರೀ ಹಣೆ ಕಾಣ್ತದಂತೆ."

ನನಗೆ ಅದು ಗೊತ್ತೇ ಇರಲಿಲ್ಲ. ಆಗಿನಿಂದ ಕನ್ನಡಿ ಹಾಕುವ ಮುಂಚೆ ಮನೆಯವರನ್ನು ನಿಲ್ಲಿಸಿಯೇ ಗುರುತು ಹಾಕುತ್ತೇನೆ.

ನಮ್ಮ ಮೊದಲ ಯೋಚನೆ ಉಗ್ರಾಣವನ್ನೇ ಬಾತ್‌ರೂಮು ಮಾಡುವುದಾಗಿತ್ತು. ಒಳಗಿನ ಕೋಣೆ, ಮೆಟ್ಟಿಲಿಲ್ಲ, ಅಡುಗೆಮನೆಯ ಪಕ್ಕದಲ್ಲೇ ನೀರಿನ ಪೈಪು. ಆದರೆ ಕಮೋಡ್ ಎಂದ ಮೇಲೆ ನೀರು ಬರುವುದಕ್ಕಿಂತ ಹೋಗುವುದು ಮುಖ್ಯ. ನಾಲ್ಕಿಂಚಿನ ಪೈಪು ಹತ್ತಡಿಗೆ ಎರಡಿಂಚಾದರೂ ಇಳಿಯುತ್ತ ಹೋಗಬೇಕು. ಇಲ್ಲದಿದ್ದರೆ ನೀರು ಮುಂದೆ ಹೋಗಿ ಉಳಿದದ್ದು ಹಿಂದೆ ನಿಲ್ಲುತ್ತದೆ. ಗಾರೆಯವನೂ ನಾನೂ ಲೆವೆಲ್ ಟ್ಯೂಬ್ ಹಿಡಿದೆವು. ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಯಲ್ಲಿ ಇಬ್ಬರು ನಿಂತರೆ ಎರಡು ಕಡೆಯ ಮಟ್ಟವೂ ತಿಳಿಯುತ್ತದೆ. ನಾನು ಉಗ್ರಾಣದಲ್ಲಿ, ಅವನು ಹಿತ್ತಲಿನ ಕಕ್ಕಸುಗುಂಡಿಯ ಹತ್ತಿರ.

"ಅಣ್ಣಾ, ಇಲ್ಲಿ ಗುಂಡಿ ಬಾಯೇ ನಿಮ್ಮ ನೆಲಕ್ಕಿಂತ ಮ್ಯಾಕೈತೆ," ಎಂದು ಅವನು ಅಲ್ಲಿಂದಲೇ ಕೂಗಿ ಹೇಳಿದ.

ಕಕ್ಕಸಿಗೆ ಅಷ್ಟು ಎತ್ತರದ ಮೆಟ್ಟಿಲು ಯಾಕಿದ್ದವು ಎನ್ನುವುದು ಆಗ ಅರ್ಥವಾಯಿತು. ಕೆಳಗೆ ಆಳಕ್ಕೆ ತೋಡಲಾಗದೆ ಯಾರೋ ಹಿಂದಿನವರು ಗುಂಡಿಯನ್ನೇ ಅರ್ಧ ನೆಲದ ಮೇಲೆ ಕಟ್ಟಿದ್ದರು. ಉಗ್ರಾಣದ ನೆಲವನ್ನು ಒಂದಡಿಗೂ ಹೆಚ್ಚು ಎತ್ತರಿಸಿದರೆ ಮಾತ್ರ ನೀರು ಅಲ್ಲಿಗೆ ಹೋಗುತ್ತಿತ್ತು. ಹಾಗೆ ಎತ್ತರಿಸಿದರೆ ಒಳಗೂ ಮೆಟ್ಟಿಲು. ಮೆಟ್ಟಿಲಿನಿಂದ ಬಿದ್ದವರಿಗೆ ಇನ್ನೊಂದು ಮೆಟ್ಟಿಲು ಕಟ್ಟಿಕೊಡುವುದಕ್ಕೆ ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.

ಹಿತ್ತಲಿನಲ್ಲಿ ಹೊಸ ಗುಂಡಿ ತೋಡೋಣ, ಆಳವಾಗಿಯೇ ತೋಡೋಣ ಎಂದು ನಿರ್ಧರಿಸಿದೆವು. ಗಾರೆಯವನು ಇಬ್ಬರು ಆಳುಗಳನ್ನು ಕರೆತಂದ. ಮೊದಲ ದಿನ ಮೆದು ಮಣ್ಣು ಬಂತು. ಯಜಮಾನರು ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರಿಗೂ ಮಜ್ಜಿಗೆ ಹಂಚಿದರು. ಮಾರನೆ ದಿನ ಸೊಂಟದ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಗಡಾರಿ ಟಣ್ ಎಂದಿತು. ಪಕ್ಕಕ್ಕೆ ಸರಿದು ಕುಟ್ಟಿದರೂ ಟಣ್. ಹಿತ್ತಲಿನ ಈ ತುದಿಯಿಂದ ಆ ತುದಿಯವರೆಗೆ ನಾಲ್ಕು ಕಡೆ ಕುಟ್ಟಿ ನೋಡಿದೆವು. ಇಡೀ ಹಿತ್ತಲು ಒಂದೇ ಹಾಸುಬಂಡೆಯ ಮೇಲೆ ಕೂತಿತ್ತು. ಕಲ್ಲು ಒಡೆಯುವ ಯಂತ್ರ ತರೋಣವೆಂದರೆ ಮನೆಯ ಪಕ್ಕದಲ್ಲಿ ಓಣಿಯಿಲ್ಲ. ಸಿಡಿಮದ್ದಿನ ಮಾತು ಆ ಬೀದಿಯಲ್ಲಿ ಆಡುವ ಹಾಗೇ ಇರಲಿಲ್ಲ.

ಯಜಮಾನರು ಗುಂಡಿಯೊಳಗೆ ಇಣುಕಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಅಂಚಿನಲ್ಲಿದ್ದ ಕುರ್ಚಿಯನ್ನು ಎಳೆದು ಗೋಡೆಗೆ ಆನಿಸಿಟ್ಟರು. ಅದನ್ನು ನೋಡಿ ನನಗೆ ಕಷ್ಟವಾಯಿತು.

"ಮುಂದಿನ ಕಡೆ ನೋಡೋಣ್ವಾ ಯಜಮಾನ್ರೇ," ಎಂದೆ. "ಬೀದಿಗೆ ಒಳಚರಂಡಿ ಬಂದಿದೆ. ಮಿಲ್ಲಿನ ನೆಲ ನಡುಮನೆಯ ಮಟ್ಟಕ್ಕೇ ಇದೆ, ಬೀದಿಗಿಂತ ಎರಡಡಿ ಮೇಲಿದೆ. ಇಳಿಜಾರು ಬೇಕಾದಷ್ಟು ಸಿಗುತ್ತೆ. ಮಿಲ್ಲಿನ ಒಂದು ಮೂಲೆ ಕೊಟ್ರೆ, ನಡುಮನೆಯಿಂದ ಬಾಗಿಲು ಇಡಬಹುದು. ಅಮ್ಮನ ಮಂಚವನ್ನ ನಡುಮನೆಗೆ ಹಾಕಿದ್ರೆ ಆಯ್ತು."

"ಅದೊಂದು ಬ್ಯಾಡ," ಎಂದರು. "ಮಿಲ್ಲು ಅವಳ್ದು. ನಾನು ಬಸ್ಸಲ್ಲಿ ಓಡಾಡ್ತಿದ್ದಾಗ ಅವಳೇ ಕಟ್ಟಿ ನಿಲ್ಸಿದ್ದು. ಒಂದು ಮೊಳೆ ಹೊಡೀಬೇಕಾದ್ರೂ ಅವಳ್ನ ಕೇಳ್ತೀನಿ. ಅವ್ಳು ಆಸ್ಪತ್ರೇಲಿ ಮಲ್ಗಿರುವಾಗ ಮಿಲ್ಲು ಒಡೀತೀನಾ?"

"ಹಂಗಾದ್ರೆ ಕೇಳೋಣ."

"ನಾನು ಕೇಳಲ್ಲ. ಗುಂಡಿ ತೋಡೋಕೆ ಆಗ್ಲಿಲ್ಲ ಅಂತ ಹೇಳೋಕೇ ನಂಗೆ ಬಾಯಿ ಬರಲ್ಲ."

ಹೇಗೂ ಪೈಪು, ಬೆಂಡು ತರಲು ನಾನು ಹಾಸನಕ್ಕೆ ಹೋಗಬೇಕಿತ್ತು. ಅವರನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಯಾರ ಮನೆಯ ಬಾತ್‌ರೂಮಿಗೂ ಅದುವರೆಗೆ ನಾನು ಆಸ್ಪತ್ರೆಗೆ ಹೋದವನಲ್ಲ. ದಾರಿಯುದ್ದಕ್ಕೂ ಅವರು ಹಿಂದಿನಿಂದ, "ಮೆಲ್ಲಗೆ ಹೇಳು. ಮೊದ್ಲು ಊಟ ಆಯ್ತಾ ಅಂತ ಕೇಳು," ಎಂದು ಪಾಠ ಹೇಳಿಕೊಡುತ್ತಿದ್ದರು.

ಮಿಲ್ಲಿನಮ್ಮ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಎಡಗಾಲು ನೀಳವಾಗಿ ಚಾಚಿತ್ತು. ಪಕ್ಕದಲ್ಲಿ ತಂಗಿ. ನಾನು ಪ್ಲಂಬರ್ ಎಂದ ಕೂಡಲೇ ನನ್ನ ಮುಖವನ್ನೂ ಗಂಡನ ಮುಖವನ್ನೂ ನೋಡಿ, "ಏನ್ ಬಂಡೆ ಸಿಕ್ತಾ?" ಎಂದರು.

ಯಜಮಾನರು ನೆಲ ನೋಡಿದರು. ಊಟದ ವಿಚಾರ ಕೇಳುವುದು ನನಗೂ ಮರೆತುಹೋಯಿತು.

"ಸಿಕ್ಕೇ ಸಿಗ್ತದೆ ಅಂತ ಗೊತ್ತಿತ್ತು. ನಮ್ಮತ್ತೆ ಹೇಳೋರು, ಈ ಹಿತ್ಲಲ್ಲಿ ಕರಿಬೇವು ಬಿಟ್ಟು ಬ್ಯಾರೆ ಬೇರು ಇಳಿಯಲ್ಲ ಅಂತ. ಈಗೇನು ಮಾಡ್ತೀಯಪ್ಪಾ?"

ನಾನು ಮಿಲ್ಲಿನ ಮೂಲೆಯ ವಿಚಾರ ಹೇಳಿದೆ. ನಾಲ್ಕಡಿ ಅಗಲ, ಆರಡಿ ಉದ್ದ ಸಾಕು ಎಂದೆ. ಅವರು ಕಣ್ಣು ಮುಚ್ಚಿದರು. ನನಗೆ ಹೆದರಿಕೆಯಾಯಿತು. ಆಮೇಲೆ ತಿಳಿಯಿತು, ಅವರು ಕಣ್ಣು ಮುಚ್ಚಿಕೊಂಡೇ ಮಿಲ್ಲನ್ನು ಅಳೆಯುತ್ತಿದ್ದರು.

"ಬಾಗ್ಲ ಹತ್ರ ರಾಗಿ ಮಿಷಿನ್. ಅದು ಅಲ್ಲೇ ಇರ್ಬೇಕು. ತೂಕದ ಕಟ್ಟೆ ಇರ್ಬೇಕು. ನಡುಮನೆ ಗೋಡೆಗೆ ಖಾರದ ಮಿಷಿನ್," ಎಂದು ಒಂದೊಂದೇ ಹೇಳಿ ಕಣ್ಣು ಬಿಟ್ಟರು. "ಖಾರದ ಮಿಷಿನ್ ತೆಗ್ದಾಕ್ಬುಡಿ."

"ಲೇ," ಎಂದರು ಯಜಮಾನರು.

ಆ ಯಂತ್ರ ಅವರು ನಿವೃತ್ತರಾದ ವರ್ಷ ಹೆಂಡತಿಗಾಗಿ ತಂದುಕೊಟ್ಟಿದ್ದಂತೆ. ಒಣಮೆಣಸಿನಕಾಯಿ ಪುಡಿ ಮಾಡಿಸಲು ಜನ ಬೇರೆ ಕಡೆ ಹೋಗುತ್ತಾರಲ್ಲ, ಅದೂ ಇಲ್ಲೇ ಆಗಲಿ ಎಂದು ಆಸೆಪಟ್ಟು ತಂದದ್ದು. ಹೂವಿನ ಹಾರ ಹಾಕಿ ಪೂಜೆ ಮಾಡಿಸಿದ್ದನ್ನು ಅವರು ನನಗೆ ಆಗಲೇ ಹೇಳಿದರು.

"ಅದು ಬಂದಾಗ್ನಿಂದ ಸೀನಿ ಸೀನಿ ಸಾಕಾಗೈತೆ ನಂಗೆ," ಎಂದರು ಮಿಲ್ಲಿನಮ್ಮ. "ಕಣ್ಣು ಉರಿ, ಮೂಗು ಉರಿ. ರಾಗಿ ಹಿಟ್ಟಿಗೆಲ್ಲ ಖಾರದ ಗಾಟು. ನೀವು ಆಸೆಯಿಂದ ತಂದ್ರಿ ಅಂತ ಇಷ್ಟು ವರ್ಷ ಓಡಿಸ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ದಿನಾ ಅದನ್ನ ಬಟ್ಟೆ ತಗಂಡು ಒರೆಸ್ತಿದ್ರಿ. ಹೆಂಗೆ ಹೇಳ್ಲಿ?"

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಯಜಮಾನರು ಮಂಚದ ಅಂಚಿನಲ್ಲಿ ಕೂತು ಹೊದಿಕೆ ಸರಿಮಾಡಿದರು. ಕೊನೆಗೆ ಮೆಲ್ಲಗೆ, "ನಾನೂ ಹೊರಗೆ ಹೋಗಿ ಸೀನಿ ಬತ್ತಿದ್ದೆ," ಎಂದರು.

ಇನ್ನೊಂದು ಕಗ್ಗಂಟನ್ನೂ ಮಿಲ್ಲಿನಮ್ಮ ಅಲ್ಲೇ ಬಿಡಿಸಿದರು. ಒಳಚರಂಡಿ ಹಾಕಿದಾಗ ಪ್ರತಿ ಮನೆಗೂ ಪೈಪು ಕೂಡಿಸಲು ಒಂದು ಛೇಂಬರ್, ಅಂದರೆ ಮುಚ್ಚಳವಿರುವ ಸಣ್ಣ ಗುಂಡಿ, ಕೊಟ್ಟಿರುತ್ತಾರೆ, ಇವರ ಮನೆ ಮುಂದೆ ನನಗೆ ಅದು ಕಂಡಿರಲಿಲ್ಲ. ಯಜಮಾನರು ಆಗ ಡ್ಯೂಟಿಯಲ್ಲಿದ್ದರು, ಅವರಿಗೆ ಗೊತ್ತಿಲ್ಲ. "ಮೂಟೆ ಉರುಳಿಸೋಕೆ ಅಂತ ಷಟರ್ ಮುಂದೆ ಇಳಿಜಾರು ಕಾಂಕ್ರೀಟು ಹಾಕ್ಸಿದ್ನಲ್ಲ, ಅದರ ಕೆಳ್ಗೇ ಐತೆ," ಎಂದರು. "ಕರೆಂಟ್ ಕಂಬದ ನೇರಕ್ಕೆ ಒಡೀರಿ. ಅತ್ತಿತ್ತ ಒಡೀಬ್ಯಾಡಿ."

ಹೊರಡುವ ಮುಂಚೆ, ಅವರಿಗೆ ನಡಿಗೆ ಕಲಿಸುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಬಂದಳು. ನಾನು ಜೇಬಿನಿಂದ ಟೇಪು ತೆಗೆದೆ. ಕೂತಾಗ ಸೊಂಟ ಮೊಣಕಾಲಿಗಿಂತ ಮೇಲೆಯೇ ಇರಬೇಕು, ಸಾಮಾನ್ಯ ಕಮೋಡು ಇವರಿಗೆ ತಗ್ಗಾಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಮಿಲ್ಲಿನಮ್ಮನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಹತ್ತೊಂಬತ್ತು ಇಂಚು ಎಂದು ಅಳತೆ ಕೊಟ್ಟಳು. ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಹಿಡಿಕೆಯ ಎತ್ತರವನ್ನೂ ಹೇಳಿದಳು. ಇದುವರೆಗೆ ಎಷ್ಟೋ ಕಮೋಡು ಕೂರಿಸಿದ್ದೆ. ಕೂರುವವರನ್ನು ಅಳೆದದ್ದು ಅವತ್ತೇ.

ಅಲ್ಲಿಂದ ಮುಂದೆ ಕೆಲಸ ಓಡಿತು. ಇಬ್ಬರು ಮೆಕ್ಯಾನಿಕ್‌ಗಳು ಬಂದು ಖಾರದ ಯಂತ್ರ ಬಿಚ್ಚಿದರು. ಯಜಮಾನರು ಅದನ್ನು ಕೊನೆಯ ಸಲ ಒರೆಸಿ, ಗೋಣಿತಾಟು ಹೊದಿಸಿ ಆಟೋಗೆ ಹತ್ತಿಸಿ ಮಾರಲು ಕಳಿಸಿದರು. ಕರೆಂಟ್ ಕಂಬದ ನೇರಕ್ಕೆ ಕಾಂಕ್ರೀಟು ಒಡೆದರೆ, ಗೇಣುದ್ದ ಕೆಳಗೆ ಛೇಂಬರಿನ ಮುಚ್ಚಳ ಸಿಕ್ಕಿತು. ಪುರಸಭೆಯ ಅನುಮತಿಗೆ ಯಜಮಾನರೇ ಹೋದರು. ಅಲ್ಲಿಯೂ ಬಾಗಿಲು ತೆರೆಯುವ ಮುಂಚೆ ನಿಂತು, ಒಂದೊಂದು ಟೇಬಲ್ಲಿಗೂ ಪ್ರಶ್ನೆ ಹಾಕಿ, ಕಾಗದ ಹಿಡಿದುಕೊಂಡೇ ಬಂದರು.

ನಡುವೆ ಚನ್ನರಾಯಪಟ್ಟಣದ ಒಂದು ಹಾಸ್ಟೆಲ್ಲಿನಿಂದ ಫೋನ್ ಬಂತು. ಮೇಲಿನ ಟ್ಯಾಂಕಿನ ಪೈಪು ಒಡೆದು ಮೆಟ್ಟಿಲ ಮೇಲೆಲ್ಲ ನೀರು. ಅದು ನನ್ನ ಹಳೆಯ ಗಿರಾಕಿ, ಕೆಲಸವೂ ದೊಡ್ಡದು. ನಾನು ಫೋನ್ ಕೈಯಲ್ಲಿ ಹಿಡಿದು ನಿಂತಾಗ ಯಜಮಾನರು ಇಟ್ಟಿಗೆಗೆ ನೀರು ಹಾಕುತ್ತಿದ್ದವರು ಹಾಗೇ ನಿಂತರು. ನನ್ನ ಜೊತೆಗೆ ಕೆಲಸ ಕಲಿತ ಒಬ್ಬನಿಗೆ ಆ ನಂಬರು ಕೊಟ್ಟು ಕಳಿಸಿದೆ. ಆ ಹಾಸ್ಟೆಲ್ಲು ಈಗ ಅವನ ಗಿರಾಕಿ.

ಒಳಗೆ ಪೈಪು ಹಾಸಿ, ಕಮೋಡಿನ ಕೆಳಗೆ ಇಟ್ಟಿಗೆಯ ಸಣ್ಣ ಕಟ್ಟೆ ಕಟ್ಟಿ ಎತ್ತರ ಸರಿಮಾಡಿದೆವು. ವಾಸನೆ ಹೋಗುವ ಪೈಪನ್ನು ಮಿಲ್ಲಿನ ಗೋಡೆಗುಂಟ ಮಾಡಿನ ಮೇಲಕ್ಕೆ ಏರಿಸಿದೆ. ಸಿಮೆಂಟು ಹಾಕಿ ಕೂರಿಸುವ ಮುಂಚೆ ಕಮೋಡನ್ನು ಹಾಗೇ ಸುಮ್ಮನೆ ಇಟ್ಟು ನೋಡುವುದು ನನ್ನ ಪದ್ಧತಿ. ಇಟ್ಟೆ. ಬಾಗಿಲ ಕಡೆ ಮುಖ, ಎರಡು ಕಡೆಯೂ ಸಮ ಜಾಗ. ಚೆನ್ನಾಗಿ ಕಾಣುತ್ತಿತ್ತು.

"ತಡಿ," ಎಂದರು ಯಜಮಾನರು. ಒಳಗೆ ಹೋಗಿ ಒಂದು ಟವೆಲ್ಲು ತಂದು ತಮ್ಮ ಎಡ ಮೊಣಕಾಲಿಗೆ ಬಿಗಿಯಾಗಿ ಸುತ್ತಿ ಕಟ್ಟಿಕೊಂಡರು. ಕೂರುವಾಗ ಹೆಂಡತಿ ಚಾಚಿಕೊಳ್ಳುವ ಕಾಲು ಅದು, ಮಡಿಸಬಾರದು ಎಂದು. ಹೆಂಡತಿಗಾಗಿ ಕೊಂಡು ತಂದಿದ್ದ ನಾಲ್ಕು ಕಾಲಿನ ವಾಕರ್ ಹಿಡಿದು ನಡುಮನೆಯಿಂದ ಹೆಜ್ಜೆ ಹೆಜ್ಜೆಯಾಗಿ ಬಂದರು. ಬಾಗಿಲಲ್ಲಿ ವಾಕರ್ ಸಿಕ್ಕಿಕೊಂಡಿತು. ಬಾಗಿಲು ಒಳಕ್ಕೆ ತೆರೆಯುತ್ತಿದ್ದರಿಂದ ಅರ್ಧ ಜಾಗ ಅದೇ ತಿನ್ನುತ್ತಿತ್ತು. ಹೇಗೋ ನುಗ್ಗಿ, ಹಿಂದಕ್ಕೆ ಸರಿದು, ಪಂಚೆ ಉಟ್ಟಂತೆಯೇ ಕಮೋಡಿನ ಮೇಲೆ ಕೂತು ಎಡಗಾಲು ಚಾಚಿದರು. ಹಿಮ್ಮಡಿ ಹೋಗಿ ಎದುರಿನ ಗೋಡೆಯ ಮೂಲೆಗೆ ತಾಗಿತು.

"ಅವ್ಳು ಕಾಲು ಎಲ್ಲಿಡ್ತಾಳೆ?" ಎಂದು ನನ್ನನ್ನು ಕೇಳಿದರು.

ಗಾರೆಯವನು ನಗು ತಡೆಯಲಾರದೆ ಹೊರಗೆ ಹೋದ. ನನಗೆ ನಗು ಬರಲಿಲ್ಲ. ಆ ಮನುಷ್ಯ ಮೊಣಕಾಲಿಗೆ ಟವೆಲ್ಲು ಕಟ್ಟಿಕೊಂಡು ಹೆಂಡತಿಯ ನೋವನ್ನು ತಾವೇ ಕೂತು ನೋಡುತ್ತಿದ್ದರು. ಕಮೋಡನ್ನು ಬಲಗೋಡೆಯ ಕಡೆ ಸರಿಸಿ ಸ್ವಲ್ಪ ಓರೆಯಾಗಿಟ್ಟೆವು. ಎಡಗಾಲಿಗೆ ಬಾಗಿಲ ಕಡೆ ದಾರಿ ಸಿಕ್ಕಿತು. ಅದಕ್ಕಾಗಿ ನೆಲದಲ್ಲಿ ಕೂರಿಸಿದ್ದ ಬಾಗುಪೈಪನ್ನು, ಅಂದರೆ ಬೆಂಡನ್ನು, ಕತ್ತರಿಸಿ ಮತ್ತೆ ಹಾಕಬೇಕಾಯಿತು. ಬಾಗಿಲನ್ನು ಬಿಚ್ಚಿ ಹೊರಕ್ಕೆ ತೆರೆಯುವಂತೆ ತಿರುಗಿಸಿದೆವು. ಯಜಮಾನರು ಮತ್ತೆ ಬಂದು ಕೂತರು, ಎದ್ದರು, ಮತ್ತೆ ಕೂತರು. "ಈಗ ಸರಿ," ಎಂದಾಗ ಅವರ ಹಣೆಯಲ್ಲಿ ಬೆವರಿತ್ತು.

ಕೊನೆಯ ತೊಡಕು ಹಿಡಿಕೆಯದು. ಸ್ಟೀಲಿನ ಹಿಡಿಕೆಗೆ ಗೋಡೆಯಲ್ಲಿ ತೂತು ಕೊರೆದರೆ ಇಟ್ಟಿಗೆಯ ಜೊತೆ ಬರೀ ಮಣ್ಣು ಉದುರಿತು. ಹಳೆಯ ಕಾಲದ ಮಣ್ಣುಗಾರೆಯ ಗೋಡೆ. ಬೋಲ್ಟು ಹಿಡಿಯುವ ಮಾತೇ ಇಲ್ಲ. ಅಂಥ ಗೋಡೆಗೆ ಹೇಗೋ ಸಿಮೆಂಟು ಮೆತ್ತಿ ಹಿಡಿಕೆ ಸಿಕ್ಕಿಸಿದರೆ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಪೂರ್ತಿ ಭಾರ ಬಿದ್ದಾಗ ಕಿತ್ತು ಬರುತ್ತದೆ. ಗೋಡೆಯ ಆಚೆ ನಡುಮನೆ. ಉದ್ದನೆಯ ಬೋಲ್ಟುಗಳನ್ನು ಗೋಡೆಯ ಈಚೆಯಿಂದ ಆಚೆಗೆ ದಾಟಿಸಿ, ನಡುಮನೆಯ ಕಡೆಯಿಂದ ಕಬ್ಬಿಣದ ಪಟ್ಟಿ ಇಟ್ಟು ಬಿಗಿದೆ. ನಡುಮನೆಯ ಗೋಡೆಯಲ್ಲಿ ಪಟ್ಟಿ ಎದ್ದು ಕಾಣುತ್ತಿತ್ತು, ಅಂದವಾಗೇನೂ ಇರಲಿಲ್ಲ. ಯಜಮಾನರು ಅದರ ಮೇಲೆ ಕೈಯಾಡಿಸಿ, "ಕ್ಯಾಲೆಂಡರ್ ತೂಗಾಕ್ತೀನಿ ಬುಡು," ಎಂದರು. ನಾನು ಎರಡೂ ಕಾಲೆತ್ತಿ ಹಿಡಿಕೆಗೆ ಜೋತುಬಿದ್ದೆ. ಆಮೇಲೆ ಗಾರೆಯವನು ಜೋತುಬಿದ್ದ. ಅವನು ನನ್ನ ಒಂದೂವರೆಯಷ್ಟಿದ್ದಾನೆ. ಹಿಡಿಕೆ ಅಲುಗಲಿಲ್ಲ.

ಟೈಲ್ಸಿನ ಸಂದು ತುಂಬಿ, ನೀರು ಬಿಟ್ಟು, ಛೇಂಬರಿನ ಮುಚ್ಚಳ ತೆಗೆದು ನೀರು ಓಡುವುದನ್ನು ನೋಡಿದೆವು. ಒಂದು ಬಕೆಟ್ಟು ಸುರಿದರೆ ಒಂದೇ ಉಸಿರಿಗೆ ಬಂದು ಬೀಳುತ್ತಿತ್ತು. ಯಜಮಾನರು ಬೀದಿಯಲ್ಲಿ ಬಗ್ಗಿ ನಿಂತು ಮತ್ತೆ ಮತ್ತೆ ಹಾಕಿಸಿದರು. ದಾರಿಯಲ್ಲಿ ಹೋಗುವವರು ನಿಂತು, ಏನು ಬಿದ್ದುಹೋಯಿತು ಎಂದು ವಿಚಾರಿಸಿದರು.

ಮಿಲ್ಲಿನಮ್ಮ ಬರುವ ದಿನ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ನಲ್ಲಿಯೊಂದನ್ನು ಬಿಗಿ ಮಾಡಬೇಕು ಎಂದು ನೆಪ ಹೇಳಿದೆ. ಕಾರು ಮಿಲ್ಲಿನ ಮುಂದೆಯೇ ನಿಂತಿತು. ಮುಂಬಾಗಿಲಿನ ಹೊಸ್ತಿಲು ಎತ್ತರವಾದ್ದರಿಂದ ಗಾರೆಯವನು ಇಳಿಜಾರಿನ ಕಾಂಕ್ರೀಟನ್ನು ಮತ್ತೆ ಹಾಕಿ, ಜಾರದಂತೆ ಗೀರು ಎಳೆದಿದ್ದ. ವಾಕರ್ ಹಿಡಿದ ಮಿಲ್ಲಿನಮ್ಮ ಅದರ ಮೇಲೆಯೇ ಹತ್ತಿ ಬಂದರು. ಒಂದು ಕಡೆ ತಂಗಿ, ಇನ್ನೊಂದು ಕಡೆ ಯಜಮಾನರು. ಒಳಗೆ ಬಂದವರು ರಾಗಿ ಯಂತ್ರದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತರು. ಆಮೇಲೆ ನಡುಮನೆಗೆ ಹೋಗಿ, ಬಾತ್‌ರೂಮಿನ ಬಾಗಿಲು ನೋಡಿ, "ಬುಡಿ," ಎಂದರು.

"ನಾನು ಹಿಡ್ಕತೀನಿ ಕಣಕ್ಕ," ಎಂದರು ತಂಗಿ.

"ಬ್ಯಾಡ ಬುಡು."

ಇಬ್ಬರೂ ಕೈಬಿಟ್ಟರು. ಮಿಲ್ಲಿನಮ್ಮ ಒಬ್ಬರೇ ವಾಕರ್ ಮುಂದಿಟ್ಟು, ಕಾಲು ಮುಂದಿಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ನಡುಮನೆಯಲ್ಲಿ ನಾವೆಲ್ಲ ಬಾಗಿಲಿನ ಕಡೆಯೇ ನೋಡುತ್ತ ನಿಂತೆವು. ಗೋಡೆಯ ಪಟ್ಟಿಯಲ್ಲಿ ಒಂದು ಸಣ್ಣ ಕಿರ್ ಸದ್ದು ಬಂತು, ಭಾರ ಬಿದ್ದಿತ್ತು. ಪಟ್ಟಿ ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ನೀರು ಸುರಿದ ಸದ್ದಾಯಿತು. ಇನ್ನು ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಯಜಮಾನರು ಬಾಗಿಲ ಹತ್ತಿರ ಹೋದರು, ಹಿಂದೆ ಬಂದರು, ಮತ್ತೆ ಹೋದರು.

"ಏನಾಯ್ತೇ? ಏಳೋಕಾಯ್ತಿಲ್ವಾ?"

"ಏನೂ ಆಗಿಲ್ಲ."

"ಮತ್ತೆ?"

"ಸುಮ್ನೆ ಕೂತಿದೀನಿ."

"ಯಾಕೆ? ಬಾಗ್ಲು ತೆಗೀಲಾ?"

ಒಳಗಿನಿಂದ ಉತ್ತರ ಬಂತು. ದನಿಯಲ್ಲಿ ಬೇಸರವಿರಲಿಲ್ಲ. "ಆಸ್ಪತ್ರೇಲಿ ಇಷ್ಟು ದಿವ್ಸ ಎಲ್ಲದಕ್ಕೂ ಯಾರಾದ್ರೂ ಎದುರಿಗೆ ನಿಂತಿರೋರು ಕಣ್ರೀ. ಕೆಳಗೆ ಬೆಡ್‌ಪ್ಯಾನ್ ಇಡೋಕೊಬ್ರು, ತೊಳಿಯೋಕೊಬ್ರು. ಇವತ್ತೇ ಒಬ್ಳೇ ಕೂತಿರೋದು. ಸ್ವಲ್ಪ ಹೊತ್ತು ಕೂತಿರ್ತೀನಿ, ನೀವು ಆ ಕಡೆ ಓಗಿ."

ತಂಗಿ ಅಡುಗೆಮನೆಗೆ ಹೋದರು. ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಸದ್ದಾಗದಂತೆ ಹೊರಗೆ ಬಂದು ಬೀದಿಯಲ್ಲಿ ನಿಂತೆವು. ಎದುರಿನ ಅಂಗಡಿಯಲ್ಲಿ ಟೀ ಹೇಳಿದರು. ಅವರು ಲೋಟವನ್ನು ತುಟಿಗಿಡದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ನಾನೂ ಅವಸರ ಮಾಡಲಿಲ್ಲ.